ಕಣಜಕ್ಕೆ ಚಿತ್ರ ಹೊಳೆಯಲಿಲ್ಲ: ಲೇಖಕ ಮತ್ತು ಚಿತ್ರಕಾರರ ಕಾಗದ ವ್ಯವಹಾರ

ಪ್ರಶ್ನೆ: ಮಕ್ಕಳಿಗಾಗಿ 24 ಪುಟದ ಕತೆಯೊಂದನ್ನು ಬರೆದಿದ್ದೇನೆ. ಬಾವಿಯಲ್ಲಿರುವ ಒಂದು ಆಮೆ, ದಿನಾ ನೀರು ಸೇದಲು ಬರುವ ಒಬ್ಬ ಹುಡುಗಿ, ಇವರಿಬ್ಬರ ಕತೆ. ಚಿತ್ರ ಬರೆಯುವವರು ಬೇರೆ ಊರಿನಲ್ಲಿದ್ದಾರೆ. ಮುಖತಃ ಭೇಟಿಯಾಗಿಲ್ಲ, ಎಲ್ಲವೂ ಕಾಗದ ಮತ್ತು ಇಮೇಲಿನಲ್ಲೇ. ಪ್ರತಿ ಚಿತ್ರವೂ ಹೇಗಿರಬೇಕೆಂದು ವಿವರವಾಗಿ ಎಂಟು ಪುಟ ಬರೆದು ಕಳಿಸಿದೆ. ಮೂರು ವಾರವಾಯಿತು, ‘ಸಿಕ್ಕಿತು, ನೋಡುತ್ತೇನೆ’ ಎಂದಷ್ಟೇ ಉತ್ತರ ಬಂದಿದೆ. ಆಲಿಸ್ ಕತೆಯ ಲೂಯಿಸ್ ಕ್ಯಾರಲ್ ಮತ್ತು ಚಿತ್ರಕಾರ ಟೆನಿಯಲ್ ಕಾಗದದಲ್ಲೇ ಎಲ್ಲವನ್ನೂ ಇತ್ಯರ್ಥ ಮಾಡಿಕೊಳ್ಳುತ್ತಿದ್ದರೆಂದು ಕೇಳಿದ್ದೇನೆ. ಅವರು ಸ್ನೇಹಿತರೋ, ಜಗಳಗಂಟರೋ? ಏನು ಬರೆದುಕೊಳ್ಳುತ್ತಿದ್ದರು? ನಾನೇನು ಬರೆಯಬೇಕಿತ್ತು?

ಉತ್ತರ: ನಿಮ್ಮ ಎಂಟು ಪುಟ ಓದಿದ ಮೇಲೆ ಅವರಿಗೆ ಹೇಳಲು ಏನಾದರೂ ಉಳಿದಿತ್ತೇ? ಬಹುಶಃ ಇಲ್ಲ. ಹುಡುಗಿ ಎಲ್ಲಿ ನಿಂತಿದ್ದಾಳೆ, ಮುಖ ಯಾವ ಕಡೆಗಿದೆ, ಆಕಾಶದ ಬಣ್ಣ ಯಾವುದು ಎಂಬುದನ್ನೆಲ್ಲ ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ಅಂಥ ಕಾಗದಕ್ಕೆ ‘ಸಿಕ್ಕಿತು’ ಎನ್ನುವುದಕ್ಕಿಂತ ಬೇರೆ ಉತ್ತರ ಹೊಳೆಯುವುದು ಕಷ್ಟ. ಕ್ಯಾರಲ್ ಕೂಡ ಅತಿ ವಿವರದ ಮನುಷ್ಯನೇ. ಆದರೆ ಅವನ ಎದುರಿಗಿದ್ದದ್ದು ‘ಇದು ನನ್ನ ಕೈಲಾಗದು’ ಎಂದು ನೇರವಾಗಿ ಬರೆಯುವ ಆಸಾಮಿ, ಮತ್ತು ಆ ಮಾತನ್ನು ಕ್ಯಾರಲ್ ಕೇಳಿಸಿಕೊಳ್ಳುತ್ತಿದ್ದ. ಅವರ ಸ್ನೇಹವೆಂದರೆ ಇಷ್ಟೇ. ಆಪ್ತಮಿತ್ರರೇನಲ್ಲ, ಹಾಗೆಂದು ವೈರಿಗಳೂ ಅಲ್ಲ.

ಮೊದಲೇ ಒಂದು ಎಚ್ಚರಿಕೆಯ ಮಾತು. ಕ್ಯಾರಲ್ ಟೆನಿಯಲ್‌ಗೆ ಬರೆದ ಕಾಗದಗಳು ಬಹುತೇಕ ಉಳಿದಿಲ್ಲ. ಟೆನಿಯಲ್‌ನ ಕೆಲವು ಮಾರೋಲೆಗಳು, ಕ್ಯಾರಲ್‌ನ ದಿನಚರಿ, ಟೆನಿಯಲ್ ತಿದ್ದಿದ ಪ್ರೂಫುಗಳು (ತಿದ್ದಲೆಂದು ತೆಗೆದ ಪರೀಕ್ಷೆಯ ಅಚ್ಚುಪ್ರತಿಗಳು) ಉಳಿದಿವೆ. ‘ಕ್ಯಾರಲ್ ಎಂದರೆ ಚಿತ್ರಕಾರರಿಗೆ ಸಿಂಹಸ್ವಪ್ನ’ ಎಂಬ ಪ್ರಸಿದ್ಧ ಕತೆಗಳಲ್ಲಿ ಹೆಚ್ಚಿನವು ಹ್ಯಾರಿ ಫರ್ನಿಸ್ ಎಂಬ ಇನ್ನೊಬ್ಬ ಚಿತ್ರಕಾರ ಮುಂದೆ ಹೇಳಿಕೊಂಡಂಥವು. ಕ್ಯಾರಲ್ ಫರ್ನಿಸ್‌ನ ಚಿತ್ರದ ಒಂದು ಚದರ ಇಂಚಿನಲ್ಲಿ ಎಷ್ಟು ಗೆರೆಗಳಿವೆಯೆಂದು ಎಣಿಸಿ, ಟೆನಿಯಲ್‌ನ ಒಂದು ಚದರ ಇಂಚಿನ ಜೊತೆ ಹೋಲಿಸುತ್ತಿದ್ದನೆಂದು ಫರ್ನಿಸ್ ಬರೆದಿದ್ದಾನೆ. ಓದಲು ಮಜವಾಗಿದೆ. ಆದರೆ ಫರ್ನಿಸ್ ವ್ಯಂಗ್ಯಚಿತ್ರಕಾರ, ಮೂಗನ್ನು ಉದ್ದ ಮಾಡಿ ಬರೆಯುವುದೇ ಅವನ ಕಸುಬು. ಅವನ ಮಾತನ್ನು ಒಂದು ಚಿಟಿಕೆ ಕಡಿಮೆ ಮಾಡಿಕೊಂಡೇ ಓದಬೇಕು.

ಕನ್ನಡದಲ್ಲಿ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದ ಆಲಿಸ್ ಕತೆ ನಿಮಗೆ ಗೊತ್ತಿದೆ. ಅದರ ಎರಡನೆಯ ಪುಸ್ತಕ, ಕನ್ನಡಿಯೊಳಗೆ ಹೋಗುವ ಕತೆ, ಬರೆಯುತ್ತಿದ್ದಾಗ 1870ರ ಜೂನ್ 1ರಂದು ಟೆನಿಯಲ್ ಬರೆದ ಒಂದು ಕಾಗದ ಉಳಿದುಬಂದಿದೆ. ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಕಾಗದ ಚಿಕ್ಕದು. ಶುರುವಾಗುವುದು ರೈಲಿನ ದೃಶ್ಯದಿಂದ. ಕತೆಯಲ್ಲಿ ರೈಲು ಹಳ್ಳವೊಂದನ್ನು ಹಾರುತ್ತದೆ. ಹಾರುವಾಗ ಗಾಬರಿಯಾದ ಆಲಿಸ್ ಪಕ್ಕದ ಮುದುಕಿಯ ಕೂದಲು ಹಿಡಿದುಕೊಳ್ಳುತ್ತಾಳೆಂದು ಕ್ಯಾರಲ್ ಬರೆದಿದ್ದ. ಟೆನಿಯಲ್ ಹೇಳುತ್ತಾನೆ: ಮುದುಕಿಯ ಕೂದಲಿಗಿಂತ ಮೇಕೆಯ ಗಡ್ಡ ಹಿಡಿಸಿದರೆ ಹೇಗೆ? ಕೈಗೆ ಹತ್ತಿರ ಇರುವುದು ಅದೇ, ಕುಲುಕಾಟಕ್ಕೆ ಇಬ್ಬರೂ ತಾವಾಗಿಯೇ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಮೇಲೆ ಮುಖ್ಯ ವಿಷಯಕ್ಕೆ ಬರುತ್ತಾನೆ. ನನ್ನನ್ನು ಒರಟ ಎಂದುಕೊಳ್ಳಬೇಡಿ, ಆದರೆ ‘ಕಣಜ’ದ (ಕುಟುಕುವ ಕಣಜದ ಹುಳುವಿನ) ಅಧ್ಯಾಯ ನನಗೆ ಒಂದಿಷ್ಟೂ ರುಚಿಸಲಿಲ್ಲ, ಅದಕ್ಕೊಂದು ಚಿತ್ರ ಹೇಗೆ ಬರೆಯುವುದೆಂಬ ದಾರಿಯೂ ಕಾಣುತ್ತಿಲ್ಲ, ಪುಸ್ತಕವನ್ನು ಚಿಕ್ಕದು ಮಾಡುವ ಮನಸ್ಸಿದ್ದರೆ ಇದೇ ಅವಕಾಶ ಎಂದು ನನ್ನ ಅನಿಸಿಕೆ. ವಿಪರೀತ ಅವಸರದಲ್ಲಿದ್ದೇನೆ ಎಂದು ಹೇಳಿ ಸಹಿ ಹಾಕಿದ್ದಾನೆ. ಕಾಗದದ ಜೊತೆಗೇ ರೈಲುಡಬ್ಬಿಯ ಒಂದು ಕಚ್ಚಾ ಚಿತ್ರ: ಆಲಿಸ್ ಒಂದು ಸೀಟಿನಲ್ಲಿ ಒಬ್ಬಳೇ, ಎದುರಿಗೆ ಕಾಗದದ ಬಟ್ಟೆ ತೊಟ್ಟ ಮನುಷ್ಯ ಮತ್ತು ಮೇಕೆ, ಕಿಟಕಿಯಲ್ಲಿ ಇಣುಕುವ ಗಾರ್ಡು.

ಕ್ಯಾರಲ್ ಏನು ಮಾಡಿದ? ಅಚ್ಚಾದ ಪುಸ್ತಕದಲ್ಲಿ ಆಲಿಸ್ ಹಿಡಿದುಕೊಳ್ಳುವುದು ಮೇಕೆಯ ಗಡ್ಡವನ್ನೇ. ಮುದುಕಿ ಆ ದೃಶ್ಯದಿಂದ ಪೂರ್ತಿ ಮಾಯವಾಗಿದ್ದಾಳೆ. ಹಳದಿ ವಿಗ್ಗು ತೊಟ್ಟ ಕಣಜದ ಪ್ರಸಂಗವೂ ಇಲ್ಲ. ಆ ಭಾಗದ ತಿದ್ದಿದ ಪ್ರೂಫು 1974ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಹೊರಬೀಳುವವರೆಗೆ, ಅದರಲ್ಲಿ ಏನಿತ್ತೆಂದು ಓದುಗರಿಗೆ ತಿಳಿದಿರಲಿಲ್ಲ. ಅದು 1977ರಲ್ಲಿ ಅಚ್ಚಾಯಿತು. ಓದಿ ನೋಡಿದರೆ ಟೆನಿಯಲ್ ಹೇಳಿದ್ದು ಸರಿಯೆಂದೇ ನನ್ನ ಮತ. ಮುಪ್ಪಿನಲ್ಲಿ ಗೊಣಗುವ ಕಣಜವೊಂದು ಕೂತಲ್ಲೇ ಮಾತಾಡುತ್ತದೆ. ಕೇಳಲು ಏನೋ ಇದೆ, ನೋಡಲು ಏನೂ ನಡೆಯುವುದಿಲ್ಲ.

ಆ ಕಾಗದದಲ್ಲಿ ಗಮನಿಸಬೇಕಾದ್ದು ಅದರ ಕ್ರಮ. ಮೊದಲಿಗೆ ಒಂದು ಸಣ್ಣ, ಕೆಲಸಕ್ಕೆ ಬರುವ ಸಲಹೆ, ಕಾರಣದ ಸಮೇತ. ನಂತರ ದೊಡ್ಡ ಆಕ್ಷೇಪ, ಅದೂ ‘ಅಧ್ಯಾಯ ಕೆಟ್ಟದಾಗಿದೆ’ ಎಂದಲ್ಲ, ‘ನನಗೆ ಚಿತ್ರ ಕಾಣುತ್ತಿಲ್ಲ’ ಎಂದು. ಅದರ ಬೆನ್ನಿಗೇ ಲೇಖಕನ ತಾಪತ್ರಯಕ್ಕೆ ಒಂದು ಪರಿಹಾರ: ಪುಸ್ತಕ ಉದ್ದವಾಯಿತೆಂಬ ಚಿಂತೆಯಿದ್ದರೆ ಇಲ್ಲಿ ಕತ್ತರಿಸಿ. ಕೊನೆಗೆ, ಒಪ್ಪಿಕೊಂಡ ಕೆಲಸ ನಡೆಯುತ್ತಿದೆಯೆಂಬುದಕ್ಕೆ ಸಾಕ್ಷಿಯಾಗಿ ಒಂದು ಚಿತ್ರ. ಚಿತ್ರಕಾರರು ಲೇಖಕರಿಗೆ ಬರೆಯುವ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ನಿಮ್ಮ ಎಂಟು ಪುಟದಲ್ಲಿ ಇಂಥದೊಂದು ಮಾರೋಲೆಗೆ ಜಾಗ ಎಲ್ಲಿತ್ತು?

ಇನ್ನು ಅವರು ಅಷ್ಟೊಂದು ಬರೆದುಕೊಳ್ಳುವ ಅಗತ್ಯವೇನಿತ್ತು ಎಂಬುದಕ್ಕೆ ಬರೋಣ. ಕ್ಯಾರಲ್, ಅಂದರೆ ಚಾರ್ಲ್ಸ್ ಡಾಡ್‌ಸನ್, ಆಕ್ಸ್‌ಫರ್ಡ್‌ನಲ್ಲಿ ಗಣಿತದ ಮೇಷ್ಟ್ರು. ಜಾನ್ ಟೆನಿಯಲ್ ಲಂಡನ್ನಿನಲ್ಲಿ ‘ಪಂಚ್’ ವಾರಪತ್ರಿಕೆಯ ಚಿತ್ರಕಾರ. ಮೊದಲ ಭೇಟಿ 1864ರ ಜನವರಿ 25ರಂದು, ನಾಟಕಕಾರ ಟಾಮ್ ಟೇಲರ್ ಕೊಟ್ಟ ಪರಿಚಯ ಪತ್ರದ ಮೂಲಕ. ಏಪ್ರಿಲ್ 5ರಂದು ಟೆನಿಯಲ್ ಒಪ್ಪಿಗೆ ತಿಳಿಸಿದ. ಅಕ್ಟೋಬರ್ 12ರಂದು ಕ್ಯಾರಲ್ ಅವನ ಮನೆಗೆ ಹೋದಾಗ ಮುಗಿದಿದ್ದದ್ದು ಒಂದೇ ಚಿತ್ರ. ಅಂದು ಕೂತು ಮಾತಾಡಿ ಸುಮಾರು 34 ಚಿತ್ರಗಳೆಂದು ಗೊತ್ತುಮಾಡಿದರು. ಪುಸ್ತಕ ಹೊರಬಂದಾಗ ಇದ್ದವು 42. ಹೀಗೆ ಆಗಾಗ ಭೇಟಿಗಳೂ ಇದ್ದವು, ಪೂರ್ತಿ ಕಾಗದದ ಮೇಲೆಯೇ ನಡೆಯಿತೆಂಬುದು ಸರಿಯಲ್ಲ. ಆದರೆ ತಿದ್ದುಪಡಿಯ ದಿನನಿತ್ಯದ ವ್ಯವಹಾರ ಅಂಚೆಯಲ್ಲೇ.

ತಡವೇಕೆ ಆಗುತ್ತಿತ್ತೆಂಬುದಕ್ಕೆ ಟೆನಿಯಲ್‌ನ ವಾರದ ದಿನಚರಿ ನೋಡಬೇಕು. ಬುಧವಾರ ರಾತ್ರಿ ಪಂಚ್‌ನ ವಿಷಯ ತೀರ್ಮಾನವಾಗುತ್ತಿತ್ತು. ಗುರುವಾರ ಯೋಚನೆ ಮತ್ತು ಕಚ್ಚಾ ಚಿತ್ರ. ಶುಕ್ರವಾರ ಇಡೀ ದಿನ, ಚಿತ್ರ ಕೊರೆದು ಅಚ್ಚೊತ್ತುವ ಮರದ ಬ್ಲಾಕಿನ ಮೇಲೆ ಮೂಗು ಊರಿ ಕೆಲಸ, ಸಂಜೆ ಬ್ಲಾಕು ಒಯ್ಯಲು ಹುಡುಗ ಬರುತ್ತಿದ್ದ. ಪುಸ್ತಕದ ಕೆಲಸಕ್ಕೆ ಸಿಗುತ್ತಿದ್ದದ್ದು ಉಳಿದ ದಿನಗಳು ಮಾತ್ರ. ನಿಮ್ಮ ಚಿತ್ರಕಾರರಿಗೂ ಹೊಟ್ಟೆಪಾಡಿನ ಬೇರೆ ಕೆಲಸ ಇದ್ದೇ ಇರುತ್ತದೆ. ವಾರದಲ್ಲಿ ಯಾವ ದಿನ ನಿಮ್ಮದು ಎಂದು ಮೊದಲೇ ಕೇಳಿಕೊಂಡಿದ್ದರೆ ಮೂರು ವಾರದ ಮೌನ ಇಷ್ಟು ಭಾರವಾಗುತ್ತಿರಲಿಲ್ಲ.

ಒಂದು ಚಿತ್ರ ಅಚ್ಚಿಗೆ ಹೋಗುತ್ತಿದ್ದ ದಾರಿ ಹೀಗೆ. ಟೆನಿಯಲ್ ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ತೆಳು ಕಾಗದದಲ್ಲಿ ಅದರ ನಕಲು ತೆಗೆದು, ಅದನ್ನು ತಿರುವಿ, ಎಡಬಲ ಅದಲುಬದಲಾಗಿ ಮರದ ಮೇಲೆ ಮೂಡಿಸುತ್ತಿದ್ದ. ಮರವೆಂದರೆ ಬಾಕ್ಸ್‌ವುಡ್ ಎಂಬ ಬಹು ಗಟ್ಟಿ ಜಾತಿಯ ಅಡ್ಡಕೊಯ್ತದ ಬಿಲ್ಲೆ, ಮೇಲೆ ತೆಳುವಾಗಿ ಬಿಳಿ ಬಳಿದದ್ದು. ಅದರ ಮೇಲೆ 6ಎಚ್‌ನಂಥ ಗಡಸು ಪೆನ್ಸಿಲಿನಿಂದ ಕೂದಲೆಳೆಯಂಥ ಗೆರೆ. ನಂತರ ಬ್ಲಾಕು ಡಾಲ್ಜಿಯಲ್ ಸಹೋದರರ ಕೊರೆಯುವ ಅಂಗಡಿಗೆ. ಅಲ್ಲಿನ ಕೆಲಸಗಾರರು ಗೆರೆಗಳನ್ನು ಉಳಿಸಿ ಮಿಕ್ಕ ಜಾಗವನ್ನೆಲ್ಲ ಕೊರೆದು ತೆಗೆಯುತ್ತಿದ್ದರು. ಕೊರೆದ ಮೇಲೆ ಮರದ ಮೇಲೆ ಬರೆದ ಚಿತ್ರವೇ ಇಲ್ಲ, ಉಳಿದಿರುವುದು ಮರದ ಅಚ್ಚು ಮಾತ್ರ. ಅದರಿಂದ ತೆಗೆದ ಪ್ರೂಫಿನ ಮೇಲೆ ಟೆನಿಯಲ್ ಬಿಳಿ ಬಣ್ಣದಿಂದ ಗುರುತು ಹಾಕಿ, ಇಲ್ಲಿ ಗೆರೆ ಸಣ್ಣ ಮಾಡಿ, ಇಲ್ಲಿ ನೆರಳು ಬಿಡಿಸಿ ಎಂದು ತಿರುಗಿ ಕಳಿಸುತ್ತಿದ್ದ.

ಬಿಳಿ ಬಣ್ಣವೇ ಏಕೆ? ಕೊರೆದ ಮರದಲ್ಲಿ ಕಪ್ಪನ್ನು ಬಿಳಿ ಮಾಡಬಹುದು, ಇನ್ನಷ್ಟು ಕೊರೆದರಾಯಿತು. ಬಿಳಿಯನ್ನು ಕಪ್ಪು ಮಾಡಲಾಗದು. ಹೋದ ಮರ ಬರುವುದಿಲ್ಲ. ತಪ್ಪು ದೊಡ್ಡದಾದರೆ ಆ ಜಾಗಕ್ಕೆ ತೂತು ಕೊರೆದು, ಹೊಸ ಮರದ ಬೆಣೆ ಬಡಿದು, ಮತ್ತೆ ಬರೆದು ಮತ್ತೆ ಕೊರೆಯಬೇಕು. ಹಾಗಾಗಿ ಲೇಖಕ ಬಾಯಿ ಬಿಡಬೇಕಾದದ್ದು ಪೆನ್ಸಿಲ್ ಹಂತದಲ್ಲಿ. ಬ್ಲಾಕು ಕೊರೆದಾದ ಮೇಲೆ ‘ಅಂದಹಾಗೆ, ಲಂಗದ ಅಗಲ ಕಡಿಮೆ ಮಾಡಬಹುದೇ’ ಎಂದರೆ ಅದಕ್ಕೆ ದುಡ್ಡು ತೆರಬೇಕು. ಇಲ್ಲಿ ದುಡ್ಡು ಕ್ಯಾರಲ್‌ನದೇ. ಪ್ರಕಾಶಕರು ಮ್ಯಾಕ್‌ಮಿಲನ್ ಆದರೂ ಖರ್ಚೆಲ್ಲ ಅವನ ಕಿಸೆಯಿಂದ: 42 ಚಿತ್ರಕ್ಕೆ ಟೆನಿಯಲ್‌ಗೆ 138 ಪೌಂಡು, ಕೊರೆದವರಿಗೆ 142 ಪೌಂಡು. ಬರೆದವನಿಗಿಂತ ಕೊರೆದವರಿಗೆ ನಾಲ್ಕು ಪೌಂಡು ಜಾಸ್ತಿ!

ಆ ದುಡ್ಡಿನ ಲೆಕ್ಕ ಹೇಳಿದ್ದಕ್ಕೆ ಕಾರಣವಿದೆ. 1865ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಮುದ್ರಣಾಲಯದಲ್ಲಿ 2000 ಪ್ರತಿ ಅಚ್ಚಾದವು. ಜುಲೈಯಲ್ಲಿ ಟೆನಿಯಲ್‌ನಿಂದ ಕಾಗದ ಬಂತು: ಚಿತ್ರಗಳು ಅಚ್ಚಾಗಿರುವ ರೀತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕ್ಯಾರಲ್ ವಾದಿಸಲಿಲ್ಲ. ಆಗಸ್ಟ್ 2ರ ದಿನಚರಿಯಲ್ಲಿ ಲೆಕ್ಕ ಹಾಕಿದ್ದಾನೆ. ಹೊಸದಾಗಿ 2000 ಪ್ರತಿಗೆ ಒಟ್ಟು 600 ಪೌಂಡು, ಪ್ರತಿಗೆ 6 ಶಿಲಿಂಗು. ಮಾರಾಟದಿಂದ 500 ಬಂದರೂ 100 ನಷ್ಟ, ಹಳೆಯ ಪ್ರತಿಗಳಿಂದ ಇನ್ನೊಂದು 100, ಒಟ್ಟು 200 ಪೌಂಡು ಕೈಬಿಟ್ಟು ಹೋಗುತ್ತದೆ. ಇಷ್ಟು ಬರೆದುಕೊಂಡು ಮರುಮುದ್ರಣಕ್ಕೆ ಹೇಳಿದ. ರಿಚರ್ಡ್ ಕ್ಲೇ ಮುದ್ರಣಾಲಯದ ಹೊಸ ಪ್ರತಿಗಳು ನವೆಂಬರಿನಲ್ಲಿ ಬಂದವು, ಮೇಲೆ 1866 ಎಂದು ಅಚ್ಚಾಗಿ. ಹಳೆಯ ಹಾಳೆಗಳು ಅಮೆರಿಕದ ಆಪಲ್ಟನ್ ಕಂಪನಿಗೆ ಮಾರಾಟವಾದವು. ಮೂಲ 1865ರ ಪ್ರತಿಗಳಲ್ಲಿ ಈಗ ಉಳಿದಿರುವುದು ಇಪ್ಪತ್ತು ಚಿಲ್ಲರೆ.

ಅಚ್ಚಿನ ವಿಷಯದಲ್ಲಿ ಚಿತ್ರಕಾರನ ಕಣ್ಣೇ ಕಣ್ಣು ಎಂದು ಕ್ಯಾರಲ್ ಒಪ್ಪಿಕೊಂಡದ್ದು ದೊಡ್ಡದು. ಆದರೆ ಅವನೇನೂ ಸಂತನಲ್ಲ. ಟೆನಿಯಲ್ ಎದುರಿಗೆ ಯಾರನ್ನೂ ಕೂರಿಸಿಕೊಂಡು ಬರೆಯುತ್ತಿರಲಿಲ್ಲ. ಗಣಿತಜ್ಞನಿಗೆ ಮಗ್ಗಿ ಪುಸ್ತಕ ಎಷ್ಟು ಬೇಕೋ ನನಗೆ ಮಾದರಿ ಅಷ್ಟೇ ಬೇಕು ಎನ್ನುತ್ತಿದ್ದನಂತೆ. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ಕ್ಯಾರಲ್ ಇನ್ನೊಬ್ಬ ಕಲಾವಿದೆಗೆ ಬರೆಯುತ್ತ, ಅದರಿಂದಲೇ ಕೆಲವು ಚಿತ್ರಗಳಲ್ಲಿ ಆಲಿಸ್‌ಳ ತಲೆ ದೊಡ್ಡದಾಗಿ ಪಾದ ಚಿಕ್ಕದಾಗಿವೆ ಎಂದು ದೂರಿದ್ದಾನೆ. ದೂರು ನಿಜವೇ, ಪುಸ್ತಕ ತೆಗೆದು ನೋಡಿ. ಆದರೆ ಆ ದೊಡ್ಡ ತಲೆಯ ಆಲಿಸ್ಸೇ ಜಗತ್ತಿನ ಕಣ್ಣಲ್ಲಿ ನಿಂತಿರುವುದು.

ಮತ್ತೊಂದು ಜೋಡಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮತ್ತು ಚಿತ್ರಕಾರ ಹ್ಯಾಬ್ಲೊ ಬ್ರೌನ್. ‘ಫಿಜ್’ ಎಂಬುದು ಬ್ರೌನನ ಸಹಿ. ಇವರ ಕತೆ ನಿಮ್ಮ ಎಂಟು ಪುಟಕ್ಕೆ ಇನ್ನೂ ಹತ್ತಿರ. ಡಿಕನ್ಸ್‌ನ ಕಾದಂಬರಿಗಳು ತಿಂಗಳಿಗೊಂದು ಸಂಚಿಕೆಯಾಗಿ ಬರುತ್ತಿದ್ದವು: 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲಿಂಗು. ಎಷ್ಟೋ ಸಲ ಅಧ್ಯಾಯ ಮುಗಿಯುವ ಮುನ್ನವೇ ಚಿತ್ರದ ವಿಷಯವನ್ನು ಕಾಗದದಲ್ಲಿ ಬರೆದು ಕಳಿಸಬೇಕಿತ್ತು. ‘ಮಾರ್ಟಿನ್ ಚಸಲ್‌ವಿಟ್’ ಕಾದಂಬರಿಗೆ ಡಿಕನ್ಸ್ ಬರೆದ ಒಂದು ಉದ್ದದ ಸೂಚನೆಗೆ ಬ್ರೌನ್ ಹಾಕಿದ ಷರಾ ಪ್ರಸಿದ್ಧ: ಇಷ್ಟೆಲ್ಲವನ್ನೂ ಒಳಗೆ ಹಿಡಿಸಲು ನನ್ನಿಂದಾಗದು, ಒಂದು ಮೈಲಿಗಿಂತ ಸ್ವಲ್ಪ ಕಡಿಮೆ ಉದ್ದದ ಚಿತ್ರಕ್ಕೆ ನೀವು ಒಪ್ಪಿದರೆ ನೋಡೋಣ.

‘ಡಾಂಬಿ ಆ್ಯಂಡ್ ಸನ್’ ಕಾದಂಬರಿ ಶುರುವಾದದ್ದು 1846ರಲ್ಲಿ, ಡಿಕನ್ಸ್ ಮೊದಲು ಸ್ವಿಟ್ಜರ್ಲೆಂಡಿನಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿದ್ದಾಗ. ಡಾಂಬಿಯ ಮುಖ ಹೇಗಿರಬೇಕೆಂದು ತೀರ್ಮಾನಿಸಲು ಬ್ರೌನ್ ಒಂದೇ ಹಾಳೆಯಲ್ಲಿ 29 ತಲೆಗಳನ್ನು ಬರೆದು ಕಳಿಸಿದ್ದ. ಎಷ್ಟು ಬುದ್ಧಿವಂತಿಕೆಯ ಕೆಲಸ ನೋಡಿ. ‘ಗರ್ವದ ಮುಖ’ ಎಂದು ಹತ್ತು ಸಾಲು ಬರೆದು ಹೊಡೆದಾಡುವ ಬದಲು, 29ರಲ್ಲಿ ಒಂದಕ್ಕೆ ಬೆರಳು ತೋರಿಸಿದರೆ ಮುಗಿಯಿತು. ಆದರೆ ಮೂರನೆಯ ಸಂಚಿಕೆಯಲ್ಲಿ ಮಿಸೆಸ್ ಪಿಪ್‌ಚಿನ್ ಎಂಬ ಮುದುಕಿ ಮತ್ತು ಪುಟ್ಟ ಪಾಲ್ ಒಲೆಯ ಮುಂದೆ ಕೂತಿರುವ ಚಿತ್ರ ಕೈತಪ್ಪಿತು. ಡಿಕನ್ಸ್ ಕಿಡಿಕಿಡಿಯಾದ. ಅವಳು ಮುದುಕಿ ಎಂದು ಬರೆದಿದೆ, ಹುಡುಗನ ಪುಟ್ಟ ತೋಳುಕುರ್ಚಿಯ ಮಾತು ಒಂದಕ್ಕಿಂತ ಹೆಚ್ಚು ಸಲ ಬಂದಿದೆ, ಅವನು ಒಲೆಯ ಮೂಲೆಯಲ್ಲಿ ಕೂತು ಅವಳನ್ನೇ ಮೇಲೆ ದಿಟ್ಟಿಸುತ್ತಿರಬೇಕಿತ್ತು. ಈ ಚಿತ್ರ ಪುಸ್ತಕದಲ್ಲಿ ಬರದಿರಲೆಂದು ನೂರು ಪೌಂಡನ್ನಾದರೂ ಸಂತೋಷದಿಂದ ಕೊಡುತ್ತಿದ್ದೆ ಎಂದು ಬರೆದ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಆ ಸಿಟ್ಟಿನ ಕಾಗದ ಹೋದದ್ದು ಬ್ರೌನ್‌ಗಲ್ಲ, ಗೆಳೆಯ ಜಾನ್ ಫಾರ್ಸ್ಟರ್‌ಗೆ. ಮತ್ತು ಅದೇ ಕಾಗದದಲ್ಲಿ ಡಿಕನ್ಸ್ ಒಂದು ಒಳ್ಳೆಯ ಮಾತನ್ನೂ ಹೇಳಿದ್ದಾನೆ: ಬ್ರೌನ್ ಅಧ್ಯಾಯ ಓದಿ ಬರೆಯುವುದಕ್ಕಿಂತ ಓದದೆಯೇ ಚೆನ್ನಾಗಿ ಬರೆಯುತ್ತಾನೆ, ಏಕೆಂದರೆ ಆಗ ಅವನಿಗೆ ವಿಷಯ ಚಿಕ್ಕ ವಿವರಣೆಯಲ್ಲಿ ಸಿಗುತ್ತದೆ, ತಲೆಗೆ ಹೋಗದೆ ವಿಧಿಯಿಲ್ಲ. ಕೊಂಕಿನ ಮಾತೇ. ಆದರೆ ಒಳಗಿರುವ ವಿಷಯ ಸರಿ. ಅಧ್ಯಾಯವೊಂದರಲ್ಲಿ ನೂರು ವಿವರ ಇರುತ್ತವೆ. ಅವುಗಳಲ್ಲಿ ಚಿತ್ರ ಮೀರಬಾರದ್ದು ಯಾವ ಎರಡು ಮೂರು ಎಂಬುದು ಬರೆದವರಿಗೆ ಮಾತ್ರ ಗೊತ್ತು. ಪಿಪ್‌ಚಿನ್ ಚಿತ್ರಕ್ಕೆ ಬೇಕಿದ್ದದ್ದು ಮೂರೇ ಪದದ ಸೂಚನೆ: ಮುದುಕಿ, ಪುಟ್ಟ ಕುರ್ಚಿ, ದಿಟ್ಟಿಸುವ ಹುಡುಗ.

ತದ್ವಿರುದ್ಧದ ತಪ್ಪೂ ಇದೆ, ಬರೆಯಬಾರದ್ದನ್ನು ಬರೆಯುವುದು. ಸ್ನಾರ್ಕ್ ಎಂಬ ಕಲ್ಪಿತ ಪ್ರಾಣಿಯ ಬೇಟೆಯ ಬಗ್ಗೆ ಕ್ಯಾರಲ್ ಬರೆದ 1876ರ ದೀರ್ಘ ಪದ್ಯಕ್ಕೆ ಚಿತ್ರ ಬರೆದ ಹೆನ್ರಿ ಹಾಲಿಡೇ, ಕೊನೆಯಲ್ಲಿ ಬರುವ ‘ಬೂಜಮ್’ ಎಂಬ ಪ್ರಾಣಿಯನ್ನೂ ಬರೆದು ಕಳಿಸಿದ. ಚಿತ್ರ ಸೊಗಸಾಗಿದೆ, ಆದರೆ ಬೂಜಮ್ ಕಲ್ಪನೆಗೆ ಸಿಗದಂತೆಯೇ ಉಳಿಯಬೇಕು ಎಂದು ಕ್ಯಾರಲ್ ಹಿಂದಿರುಗಿಸಿದ. ಹೊಗಳಿಕೆ ಮತ್ತು ನಿರಾಕರಣೆ ಎರಡೂ ನಿಜ, ಕಾರಣವೂ ಕತೆಯೊಳಗಿನದೇ. ಅದೇ ಪದ್ಯದಲ್ಲಿ ಬೇಟೆಗಾರರು ಮುಳ್ಳುಚಮಚಗಳ ಜೊತೆ, ‘ಭರವಸೆಯ ಜೊತೆ’ ಹುಡುಕುತ್ತಾರೆಂಬ ಸಾಲಿದೆ. ಹಾಲಿಡೇ ಭರವಸೆಯನ್ನೇ ಒಬ್ಬ ಹೆಣ್ಣಾಗಿ ಬರೆದು ಗುಂಪಿನ ಜೊತೆ ನಡೆಸಿದ. ಆ ‘ಜೊತೆ’ಯಲ್ಲಿ (ಇಂಗ್ಲಿಷಿನ ‘ವಿತ್’) ಎರಡರ್ಥಗಳ ಆಟವಿದೆ, ಒಂದು ಕೈಯಲ್ಲಿನ ಸಲಕರಣೆ, ಇನ್ನೊಂದು ಮನಸ್ಸಿನ ಭಾವ, ಅದು ಕೆಡುತ್ತದಲ್ಲ ಎಂದು ಕ್ಯಾರಲ್ ಆಕ್ಷೇಪಿಸಿದ. ಕೆಡಲಿಲ್ಲ, ನಾನು ‘ಒಡನಾಡಿಯಾಗಿ’ ಎಂಬ ಮೂರನೆಯದೊಂದು ಅರ್ಥ ಸೇರಿಸಿದ್ದೇನೆ ಎಂದ ಹಾಲಿಡೇ. ಭರವಸೆ ಚಿತ್ರದಲ್ಲಿ ಉಳಿದಳು.

ಪದ ಸಾಕಾಗದ ಕಡೆ ವಸ್ತುವನ್ನೇ ಕಳಿಸಿದ ಉದಾಹರಣೆಯೂ ಇದೆ. 1982ರಲ್ಲಿ ಬಂದ ‘ಬಿಎಫ್‌ಜಿ’ ಎಂಬ ದೈತ್ಯನ ಕತೆಗೆ ಕ್ವೆಂಟಿನ್ ಬ್ಲೇಕ್ ಚಿತ್ರ ಬರೆಯುತ್ತಿದ್ದಾಗ ದೈತ್ಯನ ಕಾಲಿಗೆ ಏನು ತೊಡಿಸುವುದೆಂದು ಗೊತ್ತಾಗದೆ ತೊಡಕಾಯಿತು. ಮೊದಲ ಯೋಚನೆಯ ಬೂಟುಗಳು ಹೊಂದಲಿಲ್ಲ. ಲೇಖಕ ರೋಆಲ್ಡ್ ಡಾಲ್ ಅಂಚೆಯಲ್ಲಿ ಕಂದು ಕಾಗದದ ಒಂದು ಪೊಟ್ಟಣ ಕಳಿಸಿದ. ಒಳಗೆ ತಾನೇ ಹಾಕಿಕೊಳ್ಳುತ್ತಿದ್ದ ನಾರ್ವೆಯ ಒಂದು ದೊಡ್ಡ ಸ್ಯಾಂಡಲ್. ದೈತ್ಯ ಈಗಲೂ ಅದನ್ನೇ ಹಾಕಿಕೊಂಡಿದ್ದಾನೆ.

ಈಗ ನಿಮ್ಮ ಆಮೆಗೆ ಬರೋಣ.

ಎಂಟು ಪುಟವನ್ನು ಹರಿದು ಹಾಕಬೇಡಿ, ಅದರಲ್ಲಿ ಬೇಕಾದದ್ದೂ ಇದೆ. ಕೆಂಪು ಪೆನ್ನು ಹಿಡಿದು, ಕತೆಯಲ್ಲಿ ನಡೆಯುವ ಸಂಗತಿಗೆ ಆಧಾರವಾಗಿರುವ ವಿವರಗಳಿಗೆ ಮಾತ್ರ ಅಡಿಗೆರೆ ಎಳೆಯಿರಿ. 6ನೇ ಪುಟದಲ್ಲಿ ಹುಡುಗಿಯ ಎಡಗೈಗೆ ಪೆಟ್ಟಾಗಿ ಬಟ್ಟೆ ಕಟ್ಟಿದರೆ, ಬಿಚ್ಚುವವರೆಗಿನ ಎಲ್ಲ ಚಿತ್ರದಲ್ಲೂ ಆ ಬಟ್ಟೆ ಇರಬೇಕು, ಎಡಗೈಗೇ ಇರಬೇಕು. ಆಮೆ ಹಗ್ಗ ಕಚ್ಚಿಕೊಂಡು ಮೇಲೆ ಬರುವುದಾದರೆ ಬಾವಿಗೆ ರಾಟೆ ಇರಲೇಬೇಕು. ಆಮೆ ಕೊಡದೊಳಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಕತೆಗೆ ಮುಖ್ಯವಾದರೆ ಅಳತೆ ಹೇಳಿ: ಆಮೆ ಊಟದ ತಟ್ಟೆಯಷ್ಟಗಲ, ಕೊಡದ ಬಾಯಿ ಗೇಣಗಲ. ಇಂಥವು ಪುಟಕ್ಕೆ ಒಂದೋ ಎರಡೋ ಸಿಗುತ್ತವೆ, ಕೆಲವು ಪುಟಕ್ಕೆ ಏನೂ ಇರುವುದಿಲ್ಲ. ಅಡಿಗೆರೆ ಬೀಳದ್ದು, ಅಂದರೆ ಎಲ್ಲಿಂದ ನೋಡಿದಂತಿರಬೇಕು, ಮುಖದ ಭಾವ, ಬಣ್ಣ, ಹಿನ್ನೆಲೆಯ ಮರ, ಅವರದು. ಬಾವಿಯೊಳಗಿನಿಂದ ಮೇಲೆ ನೋಡಿದಾಗ ಕಾಣುವ ದುಂಡು ಆಕಾಶ ನಿಮಗೆ ಹೊಳೆಯದೆ ಅವರಿಗೆ ಹೊಳೆಯಬಹುದು, ಆ ಬಾಗಿಲು ಮುಚ್ಚಬೇಡಿ. ಅದು ನಮ್ಮೂರಿನ ಬಾವಿಯಂತೆಯೇ ಇರಬೇಕೆಂಬ ಆಸೆಯಿದ್ದರೆ ವರ್ಣಿಸಬೇಡಿ, ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು, ಅಳತೆಗೆ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಕಳಿಸಿ. ಡಾಲ್ ಚಪ್ಪಲಿ ಕಳಿಸಿದ್ದು ಇದೇ ಲೆಕ್ಕದಲ್ಲಿ.

ಎರಡನೆಯದು ಪುಟದ ಲೆಕ್ಕ. ಕನ್ನಡಿಯ ಕತೆಯಲ್ಲಿ ಆಲಿಸ್ ಕನ್ನಡಿಯೊಳಗೆ ನುಗ್ಗುವ ಚಿತ್ರ ಒಂದು ಹಾಳೆಯ ಮುಂಭಾಗದಲ್ಲಿದೆ, ಆಚೆ ಬದಿಯಿಂದ ಹೊರಬರುವ ಚಿತ್ರ ಅದೇ ಹಾಳೆಯ ಹಿಂಭಾಗದಲ್ಲಿದೆ. ಓದುವ ಮಗು ಹಾಳೆ ತಿರುವಿದರೆ ತಾನೇ ಕನ್ನಡಿ ದಾಟಿದಂತೆ. ಯಾವ ಚಿತ್ರ ಯಾವ ಪುಟಕ್ಕೆಂದು ಮೊದಲೇ ಗೊತ್ತುಮಾಡದೆ ಹೀಗಾಗುವುದಿಲ್ಲ. ನಿಮ್ಮ 24 ಪುಟದಲ್ಲಿ ಶೀರ್ಷಿಕೆ, ಪ್ರಕಾಶಕರ ವಿವರಕ್ಕೆ ಮೂರು ನಾಲ್ಕು ಹೋಗಿ ಕತೆಗೆ ಸುಮಾರು 20 ಉಳಿಯುತ್ತವೆ. ಒಂದು ಹಾಳೆಯಲ್ಲಿ 24 ಚೌಕ ಎಳೆದು, ಪ್ರತಿಯೊಂದರಲ್ಲೂ ಎಷ್ಟು ಸಾಲು ಪಠ್ಯ ಬರುತ್ತದೆಂದು ಬರೆದು ಕಳಿಸಿ. ಆಮೆ ಮೊದಲ ಸಲ ಕಾಣಿಸುವುದು ಎಡಪುಟದಲ್ಲಿರಲಿ, ಅಂದರೆ ಸಮಸಂಖ್ಯೆಯ ಪುಟದಲ್ಲಿ. ಹಾಳೆ ತಿರುವಿದಾಗಲೇ ಅದು ಎದುರಾಗಬೇಕು. ಬಲಪುಟದಲ್ಲಿಟ್ಟರೆ ಎಡಪುಟ ಓದುವಾಗಲೇ ಮಗುವಿನ ಕಣ್ಣು ಅಲ್ಲಿಗೆ ಹಾರಿ ಗುಟ್ಟು ರಟ್ಟಾಗುತ್ತದೆ. ನಡುವೆ ಪಿನ್ ಹೊಡೆದ 24 ಪುಟದ ಪುಸ್ತಕದಲ್ಲಿ 12–13 ಮಾತ್ರ ಒಂದೇ ಅಖಂಡ ಹಾಳೆ. ಬೇರೆ ಕಡೆ ಎರಡು ಪುಟಕ್ಕೆ ಹರಡಿದ ಚಿತ್ರದ ಅರ್ಧ ಒಂದು ಹಾಳೆಯಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಅಚ್ಚಾಗುತ್ತದೆ. ಕೂಡುವ ಜಾಗದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಸಹಜ. ಅಲ್ಲಿ ಹುಡುಗಿಯ ಮುಖ ಬಂದರೆ ಮೂಗು ಎರಡಾಗುತ್ತದೆ. ದೊಡ್ಡ ಬಾವಿಯ ಚಿತ್ರ 12–13ಕ್ಕೆ ಬರುವಂತೆ ಕತೆಯನ್ನು ಒಂದು ಪುಟ ಹಿಂದೆಮುಂದೆ ಮಾಡಲಾಗುತ್ತದೆಯೇ ನೋಡಿ.

ಕನ್ನಡದ್ದೇ ಒಂದು ತೊಂದರೆ: ಒತ್ತಕ್ಷರ. ಮಕ್ಕಳಿಗೆ 16 ಪಾಯಿಂಟಿನ ಅಕ್ಷರವಾದರೆ ಸಾಲಿನಿಂದ ಸಾಲಿಗೆ 24 ಪಾಯಿಂಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಚಿತ್ರಕಾರರು ಪಠ್ಯಕ್ಕೆ ಜಾಗ ಬಿಡುವಾಗ ಇದು ಲೆಕ್ಕಕ್ಕೆ ಬರದೆ, ಕೊನೆಗೆ ಅಕ್ಷರ ಹುಡುಗಿಯ ತಲೆಯ ಮೇಲೆ ಹತ್ತಿ ಕೂರುತ್ತದೆ. ಪಠ್ಯವನ್ನು ನಿಜವಾದ ಅಳತೆಯಲ್ಲಿ ಅಚ್ಚು ತೆಗೆದು, ಕತ್ತರಿಸಿ, ಚೌಕದ ಮೇಲೆ ಅಂಟಿಸಿ ನೋಡಿದರೆ ಸಾಕು. ಪುಸ್ತಕದ ಅಳತೆ, ಅಂಚಿನಲ್ಲಿ ಕತ್ತರಿಗೆಂದು ಬಿಡುವ 3 ಮಿಲಿಮೀಟರ್, ಬಣ್ಣದ ಚಿತ್ರಕ್ಕೆ ಅಚ್ಚಿನ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ), ಇವೂ ಮೊದಲ ಕಾಗದದಲ್ಲೇ ಇರಲಿ.

ಆಕ್ಷೇಪ ಎಲ್ಲಿ ಎತ್ತಬೇಕೆಂಬುದು ಮರದ ಬ್ಲಾಕಿನ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ. ಬೆಂಕಿಪೊಟ್ಟಣದಷ್ಟು ಚಿಕ್ಕ ಕಚ್ಚಾ ಚಿತ್ರಗಳು ಬಂದಾಗ ಕತೆಯ ಓಟದ ಬಗ್ಗೆ ಹೇಳಿ: ಈ ಪುಟದಲ್ಲಿ ಏನೂ ನಡೆಯುತ್ತಿಲ್ಲ, ಆ ಎರಡು ಪುಟ ಒಂದೇ ಥರ ಇವೆ. ಪೆನ್ಸಿಲ್ ಚಿತ್ರ ಬಂದಾಗ ಎಡಗೈ, ರಾಟೆ, ಕೊಡದ ಅಳತೆ ಪರೀಕ್ಷಿಸಿ. ಬಣ್ಣ ಬಂದ ಮೇಲೆ ಕಣ್ಣಿಗೆ ಬಿದ್ದ ಅಪ್ಪಟ ತಪ್ಪು ಬಿಟ್ಟರೆ ಬೇರೇನೂ ಹೇಳಬೇಡಿ. ಪ್ರತಿ ಹಂತದಲ್ಲೂ ಎಲ್ಲವನ್ನೂ ಒಟ್ಟುಗೂಡಿಸಿ, ಎರಡು ದಿನ ಇಟ್ಟು, ಮತ್ತೊಮ್ಮೆ ಓದಿ, ಒಂದೇ ಸಲ ಕಳಿಸಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪಿನಲ್ಲಿ ‘ಇನ್ನೊಂದು ಸಣ್ಣ ವಿಷಯ’ ಎನ್ನುವ ಲೇಖಕರಿಂದ ಬೇಸತ್ತ ಚಿತ್ರಕಾರರು ಬಹಳ. ‘ಯಾಕೋ ಸರಿಹೋಗಲಿಲ್ಲ’ ಎಂಬ ಮಾತು ಯಾವ ಹಂತದಲ್ಲೂ ಬೇಡ. ಅದಕ್ಕೆ ಏನು ತಿದ್ದಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಹಣ ಮತ್ತು ಹಕ್ಕಿನ ಮಾತು ಬೇರೆ ಕಾಗದದಲ್ಲಿರಲಿ, ಆದರೆ ಇರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಕರ್ತೃ ಚಿತ್ರಕಾರರೇ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೂ, ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಕಾಗದಗಳನ್ನು ಎತ್ತಿಡಿ. ಅವರು ನಿಮಗೆ ಬರೆದ ಕಾಗದದ ಹಾಳೆ ನಿಮ್ಮದು, ಅದರಲ್ಲಿನ ಬರಹದ ಕೃತಿಸ್ವಾಮ್ಯ ಅವರದು. ಕೇಳದೆ ಅಚ್ಚು ಹಾಕುವಂತಿಲ್ಲ. ಡಿಕನ್ಸ್ 1860ರ ಸೆಪ್ಟೆಂಬರಿನಲ್ಲಿ ತನಗೆ ಬಂದ ಕಾಗದಗಳ ರಾಶಿಯನ್ನೇ ಹಿತ್ತಲಲ್ಲಿ ಸುಟ್ಟ. ಬ್ರೌನ್ ಕೂಡ ಮನೆ ಬದಲಾಯಿಸುವಾಗ ಹಾಗೆಯೇ ಮಾಡಿದ. 29 ತಲೆಗಳ ಹಾಳೆಯಂಥವು ಇನ್ನೆಷ್ಟು ಆ ಬೂದಿಯಲ್ಲಿ ಹೋದವೋ.

ಇವೆಲ್ಲಕ್ಕೂ ಮೊದಲು ಆ ಮೌನ ಮುರಿಯಬೇಕಲ್ಲ. ಇಂದೇ ಒಂದು ಚಿಕ್ಕ ಕಾಗದ ಹಾಕಿ. ಹೀಗೆ ಬರೆಯಬಹುದು:

‘ನಮಸ್ಕಾರ. ಹಿಂದೆ ಕಳಿಸಿದ ಎಂಟು ಪುಟವನ್ನು ಸದ್ಯ ಪಕ್ಕಕ್ಕಿಡಿ. ಚಿತ್ರ ಮೀರಬಾರದ ವಿವರ ಒಟ್ಟು ಒಂಬತ್ತು, ಈ ಜೊತೆಗಿನ ಚೀಟಿಯಲ್ಲಿ ಪುಟವಾರು ಬರೆದಿದ್ದೇನೆ. ಮಿಕ್ಕಿದ್ದೆಲ್ಲ ನಿಮಗೆ ಬಿಟ್ಟದ್ದು. ನನ್ನದೊಂದು ಪ್ರಶ್ನೆ: ಕತೆ ಓದುವಾಗ ಯಾವ ಪುಟದಲ್ಲಿ ನಿಮಗೆ ಚಿತ್ರವೇ ಕಾಣಲಿಲ್ಲ? ಅಲ್ಲಿ ಕತ್ತರಿಸಲೋ, ಬದಲಾಯಿಸಲೋ ನಾನು ತಯಾರಿದ್ದೇನೆ. 17ನೇ ಪುಟದಲ್ಲಿ ಆಮೆ ಮತ್ತು ಹುಡುಗಿ ಕೂತು ಬರೀ ಮಾತಾಡುತ್ತಾರೆ, ಅದರ ಮೇಲೆ ನನಗೇ ಗುಮಾನಿ.’